ಹದಿನಾಲ್ಕನೇ ಪ್ರತಿ

ನನ್ನ ಕಾಯಿಲೆಯ ಮೊದಲ ಲಕ್ಷಣಕ್ಕೆ ತರಗತಿಯಲ್ಲಿ ಮೆಚ್ಚುಗೆ ಸಿಕ್ಕಿತು.

ಛತ್ರಪತಿ ಸಂಭಾಜಿನಗರದಲ್ಲಿ ಕೌನ್ಸೆಲಿಂಗ್ ಸೈಕಾಲಜಿ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಆ ವರ್ಷ ಪುಸ್ತಕ ಕಡಿಮೆ, ಮನುಷ್ಯರು ಹೆಚ್ಚು. ವಾರಕ್ಕೆ ಮೂರು ದಿನ ಒಂದು ಆಸ್ಪತ್ರೆಯ ಸೈಕಿಯಾಟ್ರಿ ಓಪಿಡಿಯಲ್ಲಿ ಪ್ರಾಕ್ಟಿಕಮ್, ಅಂದರೆ ರೋಗಿಗಳ ಜೊತೆ ಕೂತು ಕಲಿಯುವ ತರಬೇತಿ. ನಮಗೆ ತಲಾ ಮೂರು ನಾಲ್ಕು ಕ್ಲೈಂಟ್‌ಗಳನ್ನು ಕೊಡುತ್ತಿದ್ದರು. ಪ್ರತಿ ಸೆಷನ್ ಮುಗಿದ ಮೇಲೆ ವರ್ಬೇಟಿಮ್ ಬರೆಯಬೇಕು. ಅಂದರೆ ರೆಕಾರ್ಡಿಂಗ್ ಇಲ್ಲದೆ, ಬರೀ ನೆನಪಿನಿಂದ, ಅವರು ಏನಂದರು, ನಾವು ಏನಂದೆವು ಎಂದು ಸಾಲು ಸಾಲಾಗಿ ಬರೆದು ಸೂಪರ್‌ವೈಸರ್ ಮುಂದಿಡಬೇಕು. ಅವರು ಓದಿ, ನಾವು ಎಲ್ಲಿ ಅವಸರಪಟ್ಟೆವು, ಎಲ್ಲಿ ಕೇಳಿಸಿಕೊಳ್ಳಲಿಲ್ಲ ಎಂದು ತೋರಿಸುತ್ತಾರೆ. ಈ ಕೆಲಸ ಕಲಿಯುವುದು ಹೀಗೆಯೇ.

ಬೇರೆಯವರು ಎರಡು ಪುಟ ಬರೆಯುತ್ತಿದ್ದರು. ನನ್ನದು ಹನ್ನೊಂದು.

ನಮ್ಮ ಸೂಪರ್‌ವೈಸರ್ ಮೇಡಂ ಒಂದು ದಿನ ನನ್ನ ಫೈಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇದು ವರ್ಬೇಟಿಮ್. ಕ್ಲೈಂಟ್ ಎಲ್ಲಿ ಮಾತು ನಿಲ್ಲಿಸಿದರು ಅನ್ನೋದು ಸಹ ಇದೆ ನೋಡಿ."

"ಇವಳ ತಲೇಲಿ ಸಿಸಿಟಿವಿ ಇದೆ ಮೇಡಂ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದು ನಾಲ್ಕನೇ ಪ್ರತಿ ಎಂದು ನಾನು ಹೇಳಲಿಲ್ಲ. ಮೊದಲ ಮೂರನ್ನು ಬರೆದು, ಏನೋ ಬಿಟ್ಟುಹೋಗಿದೆ ಅನ್ನಿಸಿ, ಹರಿದು, ಮತ್ತೆ ಬರೆದಿದ್ದೆ. ಏನು ಬಿಟ್ಟುಹೋಗಿದೆ? ಗೊತ್ತಿರಲಿಲ್ಲ. ನಾನು ಆಡಬಾರದ ಒಂದು ಮಾತು ಆಡಿರಬಹುದು, ಅದು ಈ ಪುಟಗಳಲ್ಲಿ ಬಂದಿಲ್ಲ, ನೆನಪಾಗುವವರೆಗೆ ಬರೆಯಬೇಕು. ಇಷ್ಟೇ ಗೊತ್ತಿತ್ತು. ಮೂವತ್ತೈದು ನಿಮಿಷದ ಸೆಷನ್‌ಗೆ ಮೊದಲು ಎರಡು ಗಂಟೆ ಹಿಡಿಯುತ್ತಿತ್ತು. ಆಮೇಲೆ ನಾಲ್ಕು. ಜೂನ್ ಮುಗಿಯುವ ಹೊತ್ತಿಗೆ ಪೂರ್ತಿ ಒಂದು ದಿನ.

ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ನಿಂತುಬಿಟ್ಟಿತು. ದವಡೆ ಬಿಗಿಯುತ್ತಿತ್ತು. ಮೆಸ್ಸಿನಲ್ಲಿ ತಟ್ಟೆಯ ಮುಂದೆ ಕೂತು, ಹೊರಗೆ ಬಾಯಿ ಆಡಿಸುತ್ತ, ಒಳಗೆ ಸೆಷನ್ ಓಡಿಸುತ್ತಿದ್ದೆ. ತಿಂದದ್ದು ಏನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಸಲ್ವಾರಿನ ಲಾಡಿಯನ್ನು ಪ್ರತಿ ವಾರ ಸ್ವಲ್ಪ ಹೆಚ್ಚು ಬಿಗಿಯಬೇಕಾಗುತ್ತಿತ್ತು.

ನಾಸಿಕ್‌ನಲ್ಲಿರುವ ಅವ್ವನಿಗೆ ದಿನಕ್ಕೆ ಆರೇಳು ಸಲ ಫೋನ್ ಮಾಡುತ್ತಿದ್ದೆ. ಕ್ಲೈಂಟ್ ವಿಷಯ ಯಾರಿಗೂ ಹೇಳುವಂತಿಲ್ಲ, ಹೇಳುತ್ತಿರಲಿಲ್ಲ. ಬೇರೆ ಏನಾದರೂ ಕೇಳುತ್ತಿದ್ದೆ. ನಿನ್ನೆ ನಿನ್ನ ಫೋನಿನಲ್ಲಿ ಮಾಮಿಯ ಜೊತೆ ನಾನು ಒರಟಾಗಿ ಮಾತಾಡಿದೆನಾ? ಆಕೆಗೆ ಬೇಸರವಾಗಿದೆಯಾ?

"ಇಲ್ಲವ್ವಾ, ಆಕಿ ನಗಕೋತ ಹೋದ್ಲು" ಅನ್ನುತ್ತಿದ್ದಳು ಅವ್ವ.

ಹತ್ತು ನಿಮಿಷ ಹಗುರಾಗುತ್ತಿತ್ತು. ಆಮೇಲೆ ಮತ್ತೆ ಫೋನ್.

ಇದು ಒಸಿಡಿ, ಗೀಳು ಕಾಯಿಲೆ, ಎಂದು ನನಗೆ ಹೊಳೆಯಲಿಲ್ಲ. ಆ ಪೇಪರಿನಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದು. ಲಕ್ಷಣಗಳ ಪಟ್ಟಿ ಬಾಯಿಪಾಠವಿತ್ತು. ಆದರೆ ನನ್ನ ಮನಸ್ಸಿನಲ್ಲಿದ್ದ ಒಸಿಡಿ ರೋಗಿ ಕೈ ತೊಳೆಯುತ್ತಿದ್ದಳು, ಬೀಗ ಎಳೆದು ನೋಡುತ್ತಿದ್ದಳು. ಅವಳು ವಿಭಾಗದ ಅಚ್ಚುಕಟ್ಟಾದ ವಿದ್ಯಾರ್ಥಿನಿಯಾಗಿರಲಿಲ್ಲ. ಅನುಮಾನ ಬಂದಾಗ ಒಂದೆರಡು ಸಲ ಪ್ರಶ್ನಾವಳಿ ತೆಗೆದು ನನಗೆ ನಾನೇ ಹಾಕಿಕೊಂಡೆ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಗೊತ್ತಿದ್ದವಳು ನಾನು. ಎರಡು ಸಲವೂ ಕಾಯಿಲೆಯ ಗೆರೆಗಿಂತ ಒಂದೇ ಅಂಕ ಕೆಳಗೆ ಬಂದೆ.

ಆ ಮಳೆಗಾಲದಲ್ಲಿ ನನ್ನ ಬಳಿ ಬರುತ್ತಿದ್ದ ಕ್ಲೈಂಟ್‌ಗಳಲ್ಲಿ ಒಬ್ಬಾಕೆ ಶಿವನ ಜ್ಯೋತಿರ್ಲಿಂಗವಿರುವ ವೇರೂಳಿನವಳು. ಆಕೆಯ ಗುರುತು ಸಿಗದಂತೆ ಮನೆಯ ವಿವರಗಳನ್ನು ಬದಲಿಸಿದ್ದೇನೆ. ದೇವಸ್ಥಾನದ ದಾರಿಯಲ್ಲಿ ಅತ್ತೆಯ ಜೊತೆ ಹೂವು, ಬಿಲ್ವಪತ್ರೆ ಮಾರುತ್ತಿದ್ದಳು. ಸೊಂಟನೋವಿನ ಚಿಕಿತ್ಸೆ ಎಂದು ಮನೆಯಲ್ಲಿ ಹೇಳಿ ಪ್ರತಿ ಸೋಮವಾರ ಬಸ್ಸು ಹಿಡಿದು ಬರುತ್ತಿದ್ದಳು. ಸೈಕಿಯಾಟ್ರಿ ಎಂದು ಗೊತ್ತಾದರೆ ಮುಗಿಯಿತು ಎಂದು ಮೊದಲ ದಿನವೇ ಹೇಳಿದ್ದಳು. ಅದನ್ನೂ ವರ್ಬೇಟಿಮ್‌ನಲ್ಲಿ ಬರೆದಿದ್ದೆ.

ನಾಲ್ಕನೇ ಸೆಷನ್‌ನಲ್ಲಿ ಆಕೆ ಮರಾಠಿಯಲ್ಲಿ ಒಂದು ಮಾತು ಅಂದಳು. ಎಲ್ಲ ಬಿಟ್ಟು ಎಲ್ಲಾದರೂ ಹೊರಟುಹೋಗಬೇಕು ಅನ್ನಿಸುತ್ತದೆ ಎಂದು.

ಇಂಥ ಮಾತು ಬಂದರೆ ಬಿಡಬಾರದು, ನೇರವಾಗಿ ಕೇಳಬೇಕು ಎಂದು ಕಲಿಸಿದ್ದರು. ಕೇಳಿದೆ. ಸಾಯುವ ಯೋಚನೆ ಬರುತ್ತದಾ? "ಛೆ, ಇಲ್ಲ, ತವರಿಗೆ ಹೋಗಿ ನಾಲ್ಕು ದಿನ ಮಲಗಬೇಕು" ಅಂದಳು. ಹಾಗನ್ನಿಸುವುದು ಸಹಜ ಅಂದೆ. ಮುಗಿಯಿತು. ಆಕೆ ಕೊಡೆ ಬಿಚ್ಚಿಕೊಂಡು ಹೋದಳು.

ಮಧ್ಯಾಹ್ನ ಲೈಬ್ರರಿಯಲ್ಲಿ ಬರೆಯಲು ಕೂತೆ. ಐದನೇ ಪುಟದಲ್ಲಿ ಪೆನ್ನು ನಿಂತಿತು.

ಸಹಜ ಎಂದು ನಾನು ಯಾವಾಗ ಅಂದೆ? ತವರಿಗೆ ಹೋಗಬೇಕು ಎಂದು ಆಕೆ ಹೇಳಿದ ಮೇಲೋ, ಹೇಳುವ ಮೊದಲೋ?

ಮೊದಲೇ ಅಂದಿದ್ದರೆ, ಸಾಯಬೇಕು ಅನ್ನಿಸುವವಳಿಗೆ ಅದು ಸಹಜ ಎಂದು ನಾನು ಹೇಳಿದ ಹಾಗಾಯಿತು.

ಎರಡು ವಾಕ್ಯಗಳ ಹಿಂದುಮುಂದು. ಅಷ್ಟೇ. ಆ ವಾರ ನನಗೆ ಬೇರೆ ಜಗತ್ತು ಇರಲಿಲ್ಲ. ಒಂದು ಪ್ರತಿಯಲ್ಲಿ ಆಕೆಯ ಮಾತು ಮೊದಲು, ಇನ್ನೊಂದರಲ್ಲಿ ನನ್ನದು ಮೊದಲು. ಬರೆದಷ್ಟೂ ಎರಡೂ ನಿಜವೆನ್ನಿಸತೊಡಗಿದವು. ಹದಿನಾಲ್ಕು ಪ್ರತಿಗಳಾದವು.

ಮುಂದಿನ ಸೋಮವಾರ ಆಕೆ ಬರಲಿಲ್ಲ.

ಕ್ಲೈಂಟ್‌ಗಳಿಗೆ ವಿದ್ಯಾರ್ಥಿಗಳು ಫೋನ್ ಮಾಡುವಂತಿಲ್ಲ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಮಾಡುತ್ತಾರೆ. ಅವರು ಮಾಡಿದರು, ಸ್ವಿಚ್ಡ್ ಆಫ್. "ಬರ್ತಾಳೆ ಬಿಡು, ಒಂದು ಸಲ ತಪ್ಪಿಸೋದು ಎಲ್ಲರೂ ಮಾಡ್ತಾರೆ" ಅಂದರು. ಅದರ ಮುಂದಿನ ಸೋಮವಾರವೂ ಹತ್ತಾಯಿತು, ಹತ್ತೂವರೆಯಾಯಿತು, ಆಕೆಯ ಕುರ್ಚಿ ಖಾಲಿ. ಮೇಡಂಗೆ ಹೇಳಬೇಕಿತ್ತು. ಅದೇ ನಿಯಮ. ಹೇಳಿದರೆ ಅವರು ವರ್ಬೇಟಿಮ್ ಕೇಳುತ್ತಾರೆ. ಯಾವ ಪ್ರತಿ ಕೊಡಲಿ?

ಕೇಸ್ ಪೇಪರಿನಲ್ಲಿ ವಿಳಾಸವಿತ್ತು. ಹನ್ನೊಂದೂವರೆಗೆ ಬಸ್‌ಸ್ಟ್ಯಾಂಡಿನಲ್ಲಿದ್ದೆ.

ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಿಳಿ ಟೋಪಿಯ ಅಜ್ಜಂದಿರು, ಒದ್ದೆ ಕೂದಲಿನ ಹೆಂಗಸರು, ಕೈಯಲ್ಲಿ ತಾಮ್ರದ ತಂಬಿಗೆ. ಘಾಟ್‌ನಲ್ಲಿ ಬಸ್ಸು ತಿರುಗಿದಾಗಲೆಲ್ಲ ಹಿಂದಿನಿಂದ ಹರ ಹರ ಮಹಾದೇವ ಎಂಬ ಕೂಗು. ಖುಲ್ತಾಬಾದ್ ದಾಟುವಾಗ ಪಕ್ಕದ ಹೆಂಗಸು, "ಉಪವಾಸನಾ ಮಗಳೇ? ಮುಖ ಬಾಡಿದೆ" ಎಂದು ಒಂದು ಬಾಳೆಹಣ್ಣು ಕೊಟ್ಟಳು. ಹಿಡಿದುಕೊಂಡೆ. ಸುಲಿಯಲಿಲ್ಲ. ನಾನು ಹೆಣ ನೋಡಲು ಹೊರಟವಳಂತೆ ನಿಂತಿದ್ದೆ. ಆಕೆಯ ಮನೆಯ ಮುಂದೆ ಜನ ಸೇರಿರುತ್ತಾರೆ, ನಾನು ದೂರದಿಂದಲೇ ತಿಳಿದುಕೊಳ್ಳುತ್ತೇನೆ. ಆಮೇಲೆ? ಆಮೇಲಿನದು ಇರಲಿಲ್ಲ.

ಇಳಿದಾಗ ರಸ್ತೆಯುದ್ದಕ್ಕೂ ದರ್ಶನಕ್ಕೆ ನಿಂತವರ ಪಾಳಿ. ದೇವಸ್ಥಾನ ಇನ್ನೂ ಕಾಣುತ್ತಿರಲಿಲ್ಲ, ಪಾಳಿ ಆಗಲೇ ಶುರುವಾಗಿತ್ತು. ಇಕ್ಕೆಲದಲ್ಲೂ ಬುಟ್ಟಿಗಳು. ಬಿಲ್ವಪತ್ರೆಯ ರಾಶಿ, ಬಿಳಿ ಹೂವು, ಎಕ್ಕದ ಮಾಲೆ.

ಶ್ರಾವಣದ ಎರಡನೇ ಸೋಮವಾರ.

ಶಿವನ ಊರಿನಲ್ಲಿ ಬಿಲ್ವಪತ್ರೆ ಮಾರುವಾಕೆ ಶ್ರಾವಣ ಸೋಮವಾರ ವ್ಯಾಪಾರ ಬಿಟ್ಟು ಆಸ್ಪತ್ರೆಗೆ ಬರುವಳೇ? ಇಬ್ಬರೂ ಸೇರಿ ಸೆಷನ್ನಿನ ದಿನವನ್ನು ಮುಂಚೆಯೇ ಬದಲಿಸಿಕೊಳ್ಳಬೇಕಾಗಿತ್ತು. ಆಕೆ ಹೇಳಲು ಮರೆತಳು, ನಾನು ಕೇಳಲಿಲ್ಲ. ನಮ್ಮದು ಕಲಬುರಗಿ ಕಡೆಯ ಶೈವರ ಮನೆ. ಶ್ರಾವಣ ಸೋಮವಾರ ಅವ್ವ ಹಗಲಿಡೀ ಉಪವಾಸ. ಅಂದು ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ, "ಇವತ್ತ ಉಪಾಸ ಅದ, ಜಲ್ದಿ ಪೂಜಿಗೆ ಕೂಡ್ತೀನಿ, ಆಮ್ಯಾಗ ಮಾತಾಡೋಣು" ಎಂದೇ ಹೇಳಿದ್ದಳು. ಹದಿನಾಲ್ಕು ಪ್ರತಿಗಳಲ್ಲಿ ಕ್ಲೈಂಟ್ ಉಸಿರೆಳೆದುಕೊಂಡದ್ದನ್ನೆಲ್ಲ ಬರೆದ ನನಗೆ ಆಕೆಯ ಕೆಲಸ ಏನೆಂಬುದೇ ಕಂಡಿರಲಿಲ್ಲ.

ಅಲ್ಲಿಂದಲೇ ಹಿಂತಿರುಗಬಹುದಿತ್ತು. ತಿರುಗಲಿಲ್ಲ. ಕಣ್ಣಾರೆ ನೋಡಬೇಕಿತ್ತು.

ಎಂಟನೆಯದೋ ಒಂಬತ್ತನೆಯದೋ ಬುಟ್ಟಿಯ ಹಿಂದೆ ಆಕೆ ಇದ್ದಳು. ಸೆರಗು ಬಿಗಿದು, ಮೂರು ಮೂರು ಎಲೆ ನೋಡಿ ಜೋಡಿಸುತ್ತ, ಗಿರಾಕಿಗೆ ಏನೋ ಹೇಳಿ ನಗುತ್ತಿದ್ದಳು. ತಲೆ ಎತ್ತಿದಳು. ನನ್ನನ್ನು ಕಂಡಳು.

ನಗು ಹೋಯಿತು.

ಪಕ್ಕದಲ್ಲಿದ್ದ ಅತ್ತೆ ಅವಳ ಮುಖ ನೋಡಿ ನನ್ನ ಕಡೆ ತಿರುಗಿದಳು. "ಯಾರೇ ಇವಳು?"

"ಸೊಂಟ ತೋರಿಸ್ತೀನಲ್ಲ, ಆ ದವಾಖಾನೆಯ ಮೇಡಂ" ಅಂದಳು ಆಕೆ, ಒಂದು ಕ್ಷಣವೂ ತಡಮಾಡದೆ. "ದರ್ಶನಕ್ಕೆ ಬಂದಿದಾರೆ."

"ಡಾಕ್ಟರಾ? ಇಷ್ಟು ಸಣ್ಣ ಹುಡುಗಿ?" ಅತ್ತೆ ಕಾಲು ಮುಂದೆ ಚಾಚಿದಳು. "ಹಾಗಾದರೆ ನನ್ನ ಮೊಣಕಾಲೂ ನೋಡು. ಕೂತರೆ ಏಳೋಕ್ಕಾಗಲ್ಲ, ಎದ್ದರೆ ಕೂರೋಕ್ಕಾಗಲ್ಲ."

ಬಗ್ಗಿ ಮೊಣಕಾಲು ಮುಟ್ಟಿದೆ. ಏನು ಮಾಡುತ್ತಿದ್ದೇನೆಂದು ತಿಳಿಯಲಿಲ್ಲ.

"ಇವಳೇ ಒಣಗಿ ಕಡ್ಡಿಯಾಗಿದಾಳೆ" ಅಂದಳು ಅತ್ತೆ. "ಮೊದಲು ಇವಳಿಗೆ ಔಷಧಿ ಕೊಡಿಸಿ." ಪಾಳಿಯಲ್ಲಿದ್ದ ನಾಲ್ಕು ಜನ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ನನ್ನನ್ನು, ಸೊಸೆಯನ್ನು, ಮತ್ತೆ ನನ್ನನ್ನು ನೋಡುತ್ತಿದ್ದಳು.

ಆಕೆ ಎಲೆಯಲ್ಲಿ ಹೂವು ಸುತ್ತಿಕೊಡುವ ನೆಪದಲ್ಲಿ ಮುಂದೆ ಬಾಗಿದಳು. ತುಂಬ ಮೆಲ್ಲಗೆ, ತುಟಿ ಅಲುಗಿಸದೆ ಅಂದಳು: "ಹೀಗೆ ಊರ ತನಕ ಬರ್ತೀರೇನ್ರಿ? ಇನ್ನು ಮನೇಲಿ ನನ್ನ ಕಳಿಸೋದಿಲ್ಲ."

ಯಾರಿಗೋ ಕೆಡುಕು ಮಾಡಿಬಿಡುತ್ತೇನೆ ಎಂದು ತಿಂಗಳುಗಟ್ಟಲೆ ಹೆದರಿದ್ದೆ. ಅದಕ್ಕೆಂದೇ ಬರೆದೆ, ಹರಿದೆ, ಬರೆದೆ. ಕೊನೆಗೆ ನಿಜವಾದ ಕೆಡುಕನ್ನು ಮಾಡಿದ್ದು ಆ ಹೆದರಿಕೆಯೇ, ಮಟಮಟ ಮಧ್ಯಾಹ್ನ, ನೂರು ಜನರ ಎದುರಿಗೆ.

ಮರುದಿನ ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಹನ್ನೊಂದು ಪುಟ ಬರೆಯೋಕೆ ಎಷ್ಟು ಹೊತ್ತಾಯ್ತು?" ಎಂದರು.

ಹೇಳಿದೆ. ಹದಿನಾಲ್ಕು ಪ್ರತಿಗಳ ಬಗ್ಗೆಯೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕ್ಲಾಸಲ್ಲಿ ಎತ್ತಿ ತೋರಿಸಿದೆ ನಾನು" ಎಂದರು. "ಹತ್ತು ವರ್ಷದಿಂದ ಓದ್ತಾ ಇದೀನಿ ಈ ವರ್ಬೇಟಿಮ್‌ಗಳನ್ನ. ನನಗೆ ಗೊತ್ತಾಗಬೇಕಿತ್ತು."

ಆಮೇಲೆ ಅವರ ದನಿ ಬದಲಾಯಿತು. ಆ ಹೆಂಗಸನ್ನು ಇನ್ನು ಬೇರೆಯವರು ನೋಡುತ್ತಾರೆ. ಉಳಿದ ಕ್ಲೈಂಟ್‌ಗಳನ್ನೂ ಅಷ್ಟೇ. ಇವತ್ತಿನಿಂದ ನಾನು ಓಪಿಡಿಗೆ ಬರುವಂತಿಲ್ಲ. ಚಿಕಿತ್ಸೆ ತೆಗೆದುಕೊಂಡು, ಡಾಕ್ಟರ್ ಬರೆದುಕೊಟ್ಟ ಮೇಲೆ ಕಮಿಟಿ ಕೂರುತ್ತದೆ. ಮತ್ತೆ ಕ್ಲೈಂಟ್ ಎದುರು ಕೂರಬಹುದೋ ಬಾರದೋ ಎಂದು ಆಗ ನಿರ್ಧಾರ. "ಹೌದು ಅಂತಾರೆ ಅಂತ ನಾನು ಮಾತು ಕೊಡೋದಿಲ್ಲ" ಎಂದರು.

ಸಂಭಾಜಿನಗರದಲ್ಲಿ ನನಗೆ ಗೊತ್ತಿದ್ದ ಸೈಕಿಯಾಟ್ರಿಸ್ಟ್‌ಗಳೆಲ್ಲ ನನಗೆ ಪಾಠ ಮಾಡಿದವರು. ಅವರಲ್ಲಿ ರೋಗಿಯಾಗಿ ಹೋಗುವುದು ಸಾಧ್ಯವಿರಲಿಲ್ಲ. ನಾಸಿಕ್‌ಗೆ ಬಂದೆ.

ಅಪ್ಪ ಸಾತಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರಿಂಗ್‌ಗಳ ಅಳತೆಯನ್ನು ಗೇಜ್ ಹಾಕಿ ನೋಡುವ ಕೆಲಸ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಮೊದಲು ಬಂದ ಮಾತು ಭಯದ್ದು. "ಮಂದಿಗಿ ಕೌನ್ಸೆಲಿಂಗ್ ಮಾಡಾಕಿಗೇ ಕೌನ್ಸೆಲಿಂಗ್ ಬೇಕಂದ್ರ, ನಾಳಿಗಿ ಕೆಲಸ ಯಾರ್ ಕೊಡ್ತಾರ?"

"ನೀವ್ ಸುಮ್ನಿರ್ರಿ" ಅಂದಳು ಅವ್ವ. "ಹಲ್ಲಿನ ಡಾಕ್ಟರಿಗಿ ಹಲ್ಲ ನೋಯಂಗಿಲ್ಲೇನು?"

ಅಪ್ಪ ಚಹಾ ಮುಗಿಸಿದ. ಬಟ್ಟಲು ಕೆಳಗಿಟ್ಟು ನನ್ನ ಕಡೆ ನೋಡದೆ ಅಂದ: "ನಮ್ಮಲ್ಲಿ ಒಂದ್ ಪೀಸ್ ಮೂರ್ ಸಲ ಚೆಕ್ ಮಾಡಿದವಗ ಛಲೋ ಇನ್‌ಸ್ಪೆಕ್ಟರ್ ಅಂತಾರ. ಮೂವತ್ ಸಲ ಮಾಡಿದ್ರ ಲೈನ್ ನಿಂತೇ ಬಿಡ್ತದ. ಹಂತಾವ ಒಬ್ಬ ಇದ್ದ ನಮ್ಮ ಶಿಫ್ಟಿನಾಗ. ನಾವೆಲ್ಲ ನಗತಿದ್ವಿ ಅವಗ." ಸ್ವಲ್ಪ ತಡೆದು, "ನಗಬಾರ್ದಿತ್ತು" ಎಂದ.

ನಾಸಿಕ್‌ನ ಡಾಕ್ಟರ್ ನನ್ನ ಅವ್ವನ ವಯಸ್ಸಿನವರು. ನಾನು ಓದುತ್ತಿರುವುದೇನು ಎಂದು ಕೇಳಿದ ಮೇಲೆ ಪ್ರಶ್ನಾವಳಿಯ ಹಾಳೆಯನ್ನು ಡ್ರಾಯರಿಗೆ ವಾಪಸ್ ಹಾಕಿದರು. "ಇದರ ಉತ್ತರದ ಬೆಲೆ ನಿನಗೆ ಗೊತ್ತು. ಬೇಡ. ನಿನ್ನೆಯ ದಿನ ಹೇಗೆ ಕಳೆದೆ, ಎದ್ದಾಗಿನಿಂದ ಹೇಳು."

ಹೇಳುತ್ತ ಹೇಳುತ್ತ ನನಗೇ ಕೇಳಿಸಿತು.

ಒಸಿಡಿ. ಮಾತ್ರೆ ಶುರುವಾಯಿತು. ಮೊದಲ ಎರಡು ವಾರ ಹೊಟ್ಟೆ ತೊಳೆಸುತ್ತಿತ್ತು, ಬಾಯಿ ಒಣಗುತ್ತಿತ್ತು, ಮಧ್ಯಾಹ್ನ ಕಣ್ಣೆಳೆಯುತ್ತಿತ್ತು. ಅದು ಸುಲಭದ ಭಾಗ. ಕಷ್ಟದ್ದು ಅಭ್ಯಾಸ. ಯಾರ ಜೊತೆ ಮಾತಾಡಿದರೂ ಅದನ್ನು ಮನಸ್ಸಿನಲ್ಲಿ ಮತ್ತೆ ಓಡಿಸಬಾರದು. ಅನುಮಾನ ಬಂದರೆ ಬರಲಿ, ಉತ್ತರ ಹುಡುಕಬಾರದು. ಯಾರನ್ನೂ ಕೇಳಬಾರದು. ಡಾಕ್ಟರ್ ಅವ್ವನನ್ನು ಒಳಗೆ ಕರೆದು ಹೇಳಿದರು: "ಇವಳು ಕೇಳಿದಾಗ 'ಏನೂ ಆಗಿಲ್ಲ' ಅಂತ ಹೇಳಬೇಡಿ. ಗೊತ್ತಿಲ್ಲ ಅನ್ನಿ."

"ಗೊತ್ತಿದ್ದರೂನಾ?" ಅವ್ವ ಹಿಂದಿಯಲ್ಲಿ ಕೇಳಿದಳು.

"ಗೊತ್ತಿದ್ದರೂ."

ಮನೆಯಲ್ಲಿ ಒಂಬತ್ತು ದಿನ ತಡೆದೆ. ಹತ್ತನೇ ದಿನ ಕೆಳಗಿನ ಮನೆಯ ಹೆಂಗಸು, ನಾವು ಕಾಕು ಅನ್ನುವವರು, ಕೊತ್ತಂಬರಿ ಕೇಳಲು ಬಂದು ಹೋದರು. ಅವರ ಮಗಳ ಮದುವೆ ಮುರಿದು ವರ್ಷವಾಗಿತ್ತು. ನಾನು ಅವರಿಗೆ ಏನೋ ಅಂದೆ. ಏನೆಂದೆ?

ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ, ಕಾಕುಗ ನಾ ಏನರ ಚುಚ್ಚಿ ಮಾತಾಡಿದ್ನೇನು?"

ಬಡಿಯುವ ಕೈ ನಿಂತಿತು. "ಗೊತ್ತಿಲ್ಲವ್ವಾ."

"ನೀ ಇಲ್ಲೇ ಇದ್ದೆಲ್ಲ."

"ಇದ್ದೆ. ಗೊತ್ತಿಲ್ಲ."

"ಒಂದ್ ಸಲ ಹೇಳು. ಇದೊಂದೇ ಸಲ."

ಅವ್ವ ಬಡಿದ ರೊಟ್ಟಿಯನ್ನು ತವೆಗೆ ಹಾಕಿದಳು. ನಾನು ಆಕೆಯ ಹಿಟ್ಟಿನ ಕೈ ಹಿಡಿದು ಅಲುಗಾಡಿಸಿದೆ. ಇಪ್ಪತ್ತನಾಲ್ಕು ವರ್ಷದವಳು, ಮಕ್ಕಳ ಹಾಗೆ ಅಳತೊಡಗಿದೆ. ಕೇಳಬಾರದ್ದನ್ನೆಲ್ಲ ಕೇಳಿದೆ. ನಿನಗೆ ನನ್ನ ಮೇಲೆ ಪ್ರೀತಿ ಇಲ್ಲವಾ ಎಂದೂ ಕೇಳಿದೆ. ತವೆಯ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಅವ್ವ ಗ್ಯಾಸ್ ಆರಿಸಿದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರು ಬಹಳ ಹೊತ್ತು ಸುರಿಯಿತು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು.

"ಆ ಡಾಕ್ಟರಿಗಿ ಮಕ್ಕಳದಾವೇನು, ಮುಂದಿನ ಸಲ ಕೇಳ್ಕೊಂಡ್ ಬಾ" ಅಂದಳು. ಮತ್ತೆ ಹಿಟ್ಟು ತೆಗೆದುಕೊಂಡಳು.

ಉತ್ತರ ಸಿಗಲಿಲ್ಲ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಮೂರನೇ ರೊಟ್ಟಿಯ ಹೊತ್ತಿಗೆ ಸ್ವಲ್ಪ ಕಡಿಮೆಯಾಯಿತು. ಆರನೆಯದಕ್ಕೆ ಇನ್ನೂ ಸ್ವಲ್ಪ. ಇದನ್ನೂ ನಾನು ಪುಸ್ತಕದಲ್ಲಿ ಓದಿದ್ದೆ, ಆತಂಕ ಏರಿ ತಾನಾಗಿ ಇಳಿಯುತ್ತದೆ ಎಂದು, ಅದರ ಚಿತ್ರವನ್ನೂ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಅದು ಇಳಿಯುವವರೆಗೆ ಕೂತಿರುವುದು ಎಂದರೇನು ಎಂದು ಅಂದೇ ತಿಳಿದದ್ದು. ನನ್ನ ಅವ್ವನಿಗೂ ಅಂದು ಅಷ್ಟೇ ನೋವಾಯಿತು ಎಂಬುದು ಆಮೇಲೆ ತಿಳಿಯಿತು. ಚಿಕಿತ್ಸೆಯ ಅರ್ಧ ಆಕೆ ಮಾಡಿದಳು. ಫೀಸಿಲ್ಲದೆ, ತರಬೇತಿಯಿಲ್ಲದೆ, ಬೈಸಿಕೊಂಡು.

ಐದು ತಿಂಗಳ ಮೇಲೆ ಕಮಿಟಿ ಕರೆಯಿತು. ಡಾಕ್ಟರ್ ಪತ್ರ ಕೊಟ್ಟಿದ್ದರು. ಅದರಲ್ಲಿ ವಾಸಿಯಾಗಿದೆ ಎಂಬ ಪದ ಇರಲಿಲ್ಲ. ಚಿಕಿತ್ಸೆ ಮುಂದುವರಿದಿದೆ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬಲ್ಲಳು ಎಂದಿತ್ತು. ಈ ವೃತ್ತಿಯಲ್ಲಿ ಮುಂದೆ ತುಂಬಬೇಕಾದ ಅರ್ಜಿಗಳಲ್ಲಿ ಆರೋಗ್ಯದ ಬಗ್ಗೆ ಒಂದು ಸಾಲು ಇರುತ್ತದೆ. ಅಲ್ಲಿ ಏನು ಬರೆಯಬೇಕೆಂದು ನಾನು ಬಸ್ಸಿನಲ್ಲಿಯೇ ತೀರ್ಮಾನಿಸಿದ್ದೆ. ಇದ್ದದ್ದನ್ನು.

ಮೂವರು ಕೂತಿದ್ದರು. ವಿಭಾಗದ ಮುಖ್ಯಸ್ಥರು ಪತ್ರವನ್ನು ಎರಡು ಸಲ ಓದಿ, "ನಾಳೆ ಇನ್ನೊಬ್ಬ ಕ್ಲೈಂಟ್ ಬರೋದು ನಿಲ್ಲಿಸಿದರೆ?" ಎಂದು ಕೇಳಿದರು.

"ಅದೇ ದಿನ ಸೂಪರ್‌ವೈಸರ್‌ಗೆ ಹೇಳ್ತೀನಿ ಸರ್."

"ಅವರ ಸುದ್ದಿ ಸಿಗಲಿಲ್ಲ. ಆಗ?"

"ಸಿಗದೆಯೇ ಮುಂದಿನ ಕ್ಲೈಂಟನ್ನ ನೋಡಬೇಕಾಗುತ್ತೆ. ಕಷ್ಟ ಆಗುತ್ತೆ. ಆದರೂ ನೋಡ್ತೀನಿ."

ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊರಗೆ ಕಾಯಲು ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತೆ. ನಾನು ಹೇಳಿದ್ದು ಸರಿಯಾಯಿತಾ, ದನಿ ನಡುಗಿತಾ ಎಂಬ ಪ್ರಶ್ನೆಗಳು ಬಂದವು. ಬಂದು ಪಕ್ಕದಲ್ಲಿ ಕೂತವು. ಎಬ್ಬಿಸಲು ಹೋಗಲಿಲ್ಲ.

ಮೇಡಂ ಹೊರಗೆ ಬಂದು ನಿರ್ಧಾರ ಹೇಳಿದರು. ಈಗ ಶುರುವಾಗುವ ಹೊಸ ಬ್ಯಾಚಿನ ಜೊತೆ ಪ್ರಾಕ್ಟಿಕಮ್ ಮೊದಲಿನಿಂದ. ಅದು ಮುಗಿಯುವ ಹೊತ್ತಿಗೆ ನನ್ನ ಜೊತೆಯವರು ಕೆಲಸಕ್ಕೆ ಸೇರಿರುತ್ತಾರೆ. ಮೊದಲ ಎರಡು ತಿಂಗಳು ಪ್ರತಿ ಸೆಷನ್‌ನಲ್ಲಿ ಮೇಡಂ ಕೋಣೆಯಲ್ಲೇ ಇರುತ್ತಾರೆ. ವರ್ಬೇಟಿಮ್‌ಗೆ ಇನ್ನು ಎಲ್ಲರಿಗೂ ಒಂದು ಗಂಟೆಯ ಮಿತಿ, ನನಗೊಬ್ಬಳಿಗೇ ಅಲ್ಲ. ಆ ನಿಯಮವನ್ನು ಅವರೇ ತಂದಿದ್ದರು.

"ಏನಾದರೂ ಕೇಳೋದಿದೆಯಾ?" ಎಂದರು.

ಇತ್ತು. ವೇರೂಳಿನ ಆ ಹೆಂಗಸು ಈಗ ಬರುತ್ತಿದ್ದಾಳಾ? ಅತ್ತೆ ಕಳಿಸಿದಳಾ? ಐದು ತಿಂಗಳಿಂದ ಅದೊಂದೇ ಪ್ರಶ್ನೆ. ಮೇಡಂಗೆ ಉತ್ತರ ಗೊತ್ತಿತ್ತು, ಅವರ ಮುಖದಲ್ಲೇ ಇತ್ತು. ಆದರೆ ಆಕೆ ಈಗ ನನ್ನ ಕ್ಲೈಂಟ್ ಅಲ್ಲ. ಆಕೆಯ ಸುದ್ದಿ ನನ್ನದಲ್ಲ.

"ಯಾವತ್ತಿನಿಂದ ಬರಲಿ ಮೇಡಂ?" ಎಂದೆ.

"ಬುಧವಾರ" ಎಂದರು. "ಹತ್ತು ಗಂಟೆಗೆ."